ಹೆಸರಿನ ಹೊಣೆ

ಪಡಿತರದ ಅಂಗಡಿಯಿಂದ ಮೊದಲುಗೊಂಡು ಮಹಾನಗರದ ಬಹುಮಹಡಿ ಕಾರ್ಯಾಲಯಗಳವರೆಗೆ ನಮ್ಮ ನಾಡಿನಲ್ಲಿ ಈಗ ಅತ್ಯಂತ ನಿರಾಯಾಸವಾಗಿ ಆಡಲ್ಪಡುತ್ತಿರುವ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ, "ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ" ಎಂಬುದೇ ಅದೆಂದು ಉತ್ತರ ಹೇಳಬೇಕಾದೀತು. ಈ ವಾಕ್ಯಕ್ಕೆ ಒಂದು ವಿಶೇಷ ಗುಣವುಂಟು: ಆಡಿದವರ ಮೇಲೆ ಅದರಿಂದ ಯಾವ ಹೊಣೆಯೂ ಬೀಳುವುದಿಲ್ಲ, ಕೇಳಿದವರಿಗೆ ಮರುಪ್ರಶ್ನೆ ಹಾಕುವ ಧೈರ್ಯವೂ ಉಳಿಯುವುದಿಲ್ಲ. ವಿದ್ಯುತ್ತು ಹೋಗಿರಬಹುದು, ತಂತಿ ಕಡಿದಿರಬಹುದು, ಯಂತ್ರವೇ ನಿಜವಾಗಿ ಕೆಟ್ಟಿರಬಹುದು, ಯಾರದೋ ಪಾಸ್‌ವರ್ಡಿನ ಅವಧಿ ಮುಗಿದಿರಬಹುದು, ಅಥವಾ ಸರ್ವರು ತನ್ನ ಕೊಠಡಿಯಲ್ಲಿ ಸುಕ್ಷೇಮವಾಗಿದ್ದು, ಅದನ್ನು ಹೆಸರು ಹಿಡಿದು ಕರೆಯುವ ಗಣಕಗಳಿಗೆ ಅದಿರುವ ಎಡೆ ಮಾತ್ರ ತಿಳಿಯದೆ ಹೋಗಿರಬಹುದು. ಇವು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು. ಎಲ್ಲಕ್ಕೂ ಒಂದೇ ಮಾತಿನ ಮುಸುಕನ್ನು ಹೊದಿಸಿಬಿಟ್ಟರೆ ಯಾವುದೊಂದರ ಕಾರಣವನ್ನೂ ವಿಚಾರಿಸುವ ಪ್ರಮೇಯ ಬರುವುದಿಲ್ಲ. ಕೊನೆಯದಾಗಿ ಹೇಳಿದ ಸಂಗತಿಯನ್ನು ಮಾತ್ರ ನಾನಿಲ್ಲಿ ಎತ್ತಿಕೊಂಡಿದ್ದೇನೆ. ಏಕೆಂದರೆ ಯಂತ್ರದ ದೋಷವೆಂದು ಎಣಿಸಲ್ಪಡುತ್ತಿರುವ ಈ ತೊಂದರೆಯು ಬಹುಮಟ್ಟಿಗೆ ದಾಖಲೆಯ ದೋಷ, ಅದರಲ್ಲಿಯೂ ದಾಖಲೆಗೆ ಒಡೆಯರಿಲ್ಲದಿರುವುದರ ದೋಷ ಎಂಬುದು ನನ್ನ ಅಭಿಪ್ರಾಯ.

ಅದರ ಲಕ್ಷಣಗಳು ಎಲ್ಲರಿಗೂ ಪರಿಚಿತವಾದವು. ಲೆಕ್ಕಪತ್ರ ವಿಭಾಗದವರು ಬೆಳಗ್ಗೆ ಬಂದು ಗಣಕವನ್ನು ತೆರೆದು, ಎಲ್ಲರೂ ಹಂಚಿಕೊಂಡಿರುವ ಫೋಲ್ಡರಿನ ಮೇಲೆ ಒತ್ತುತ್ತಾರೆ. ದಾರಿ ಕಾಣಲಿಲ್ಲವೆಂಬ ಅರ್ಥದ ಇಂಗ್ಲಿಷ್ ಸಂದೇಶವೊಂದು ಮೂಡುತ್ತದೆ. ಅದೇ ಪರದೆಯ ಇನ್ನೊಂದು ಮೂಲೆಯಲ್ಲಿ ವಾಟ್ಸ್ಯಾಪ್ ಮಾತ್ರ ನಿರಾತಂಕವಾಗಿ ನಡೆಯುತ್ತಿರುತ್ತದೆ. ಪಕ್ಕದ ಮೇಜಿನವರಿಗೆ ಅದೇ ಫೋಲ್ಡರು ಸಲೀಸಾಗಿ ತೆರೆಯುತ್ತದೆ. "ನೆಟ್ ಇದೆ ಸಾರ್, ಸರ್ವರ್ ಸಿಗ್ತಿಲ್ಲ" ಎಂದು ವಾರ್ಷಿಕ ನಿರ್ವಹಣೆಯ ಗುತ್ತಿಗೆ ಹಿಡಿದವರಿಗೆ ಫೋನು ಹೋಗುತ್ತದೆ. "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಎಂದು ಅತ್ತಲಿಂದ ಆಜ್ಞೆಯಾಗುತ್ತದೆ. ಹಾಗೆ ಮಾಡಿದಾಗ ಕೆಲವೊಮ್ಮೆ ಸರಿಹೋಗುವುದೂ ಉಂಟು. ಸರಿಹೋಗದಿದ್ದಿದ್ದರೆ ವಿಚಾರಣೆ ಮುಂದುವರಿಯುತ್ತಿತ್ತು, ಸರಿಹೋದದ್ದರಿಂದ ನಿಂತುಹೋಗುತ್ತದೆ, ಮೂರು ದಿನ ಕಳೆದು ಇನ್ನೊಂದು ಮೇಜಿನಲ್ಲಿ ಅದೇ ತೊಂದರೆ ತಲೆಯೆತ್ತಿದಾಗ ಅದನ್ನು ಹೊಸದೆಂದೇ ಬರೆದುಕೊಳ್ಳಲಾಗುತ್ತದೆ.

ಜಾಲದಲ್ಲಿರುವ ಗಣಕಗಳು ಪರಸ್ಪರ ಅರಿಯುವುದು ಅಂಕಿಗಳ ಮೂಲಕ, 192.168.1.10 ಎಂಬಂಥ ವಿಳಾಸವಿಲ್ಲದೆ ಒಂದು ಅಕ್ಷರವೂ ಈ ಯಂತ್ರದಿಂದ ಆ ಯಂತ್ರಕ್ಕೆ ಹೋಗಲಾರದು. ಮನುಷ್ಯರಿಗೆ ಬೇಕಾದದ್ದು ಹೆಸರು. ಇವೆರಡನ್ನು ಜೋಡಿಸುವ ಪಟ್ಟಿಯು, ಅಮೆರಿಕದ ಆರ್ಪಾನೆಟ್ ಜಾಲವು ಇನ್ನೂ ಚಿಕ್ಕದಾಗಿದ್ದ ಕಾಲದಲ್ಲಿ, ಒಂದೇ ಒಂದು ಕಡತವಾಗಿತ್ತು. ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿ ಎಸ್‌ಆರ್‌ಐ ಸಂಸ್ಥೆ ನಡೆಸುತ್ತಿದ್ದ ಮಾಹಿತಿ ಕೇಂದ್ರದಲ್ಲಿ, ಎಲಿಜಬೆತ್ ಫೈನ್ಲರ್ ಎಂಬ ದಕ್ಷ ಮಹಿಳೆಯ ಮೇಲ್ವಿಚಾರಣೆಯಲ್ಲಿ, ಆ ಕಡತದ ಪಾಲನೆ ನಡೆಯುತ್ತಿತ್ತು. ಜಾಲಕ್ಕೆ ಹೊಸ ಯಂತ್ರವನ್ನು ಸೇರಿಸಿದವರು ಕೇಂದ್ರಕ್ಕೆ ತಿಳಿಸಬೇಕು. ಕೇಂದ್ರದವರು ಪಟ್ಟಿಯಲ್ಲಿ ಬರೆಯಬೇಕು. ಉಳಿದವರೆಲ್ಲರೂ ಆಗಿಂದಾಗ್ಗೆ ಅದರ ಹೊಸ ಪ್ರತಿಯನ್ನು ತರಿಸಿಕೊಳ್ಳಬೇಕು. ಯಂತ್ರಗಳ ಸಂಖ್ಯೆ ಬೆಳೆದಂತೆ ಪ್ರತಿಗಳನ್ನು ಹಂಚುವ ಭಾರವು ಆ ಸಂಖ್ಯೆಯ ವರ್ಗದ ಪ್ರಮಾಣದಲ್ಲಿ ಏರತೊಡಗಿತು. ಆಗ ಜಾನ್ ಪೋಸ್ಟೆಲ್ ಅವರು ಪರಿಹಾರದ ಕಾರ್ಯವನ್ನು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪಾಲ್ ಮೊಕಾಪೆಟ್ರಿಸ್ ಅವರಿಗೆ ಒಪ್ಪಿಸಿದರು. ಅವರು 1983ರ ನವೆಂಬರಿನಲ್ಲಿ ಪ್ರಕಟಿಸಿದ ಎರಡು ಲೇಖ್ಯಗಳೇ ಇಂದು ಡಿಎನ್‌ಎಸ್ ಎಂಬ ಹೆಸರಿನಿಂದ ಜಗತ್ತನ್ನೆಲ್ಲ ವ್ಯಾಪಿಸಿರುವ ವ್ಯವಸ್ಥೆಗೆ ಮೂಲ. 1987ರ ನವೆಂಬರಿನಲ್ಲಿ ಅವುಗಳ ಪರಿಷ್ಕೃತ ರೂಪ ಹೊರಬಿತ್ತು, ಅನೇಕ ತಿದ್ದುಪಡಿಗಳೊಡನೆ ಅದೇ ಈಗಲೂ ಆಧಾರವಾಗಿದೆ.

ಮೊಕಾಪೆಟ್ರಿಸ್ ಅವರ ಯೋಜನೆಯಲ್ಲಿ ನನಗೆ ಅತ್ಯಂತ ಗಣ್ಯವೆಂದು ತೋರುವುದು ಅದರ ಯಂತ್ರಕೌಶಲವಲ್ಲ, ಅದು ಮಾಡಿದ ಅಧಿಕಾರದ ವಿಭಜನೆ. ಸಮಸ್ತ ಹೆಸರುಗಳನ್ನೂ ಒಂದೆಡೆ ಇಡುವ ಬದಲು ಅವುಗಳನ್ನು ವಲಯಗಳನ್ನಾಗಿ ಹಂಚಿ, ಒಂದೊಂದು ವಲಯವನ್ನು ಒಬ್ಬೊಬ್ಬರ ಸ್ವಾಧೀನಕ್ಕೆ ಬಿಟ್ಟು, ಆ ವಲಯದ ವಿಷಯದಲ್ಲಿ ಅವರ ಸರ್ವರು ಹೇಳಿದ್ದೇ ಅಂತಿಮವೆಂದು ವಿಧಿಸಲಾಯಿತು. ಪ್ರತಿಯೊಂದು ಉತ್ತರಕ್ಕೂ ಅದನ್ನು ಎಷ್ಟು ಹೊತ್ತು ನಂಬಬಹುದೆಂಬ ಆಯುಃಪ್ರಮಾಣವನ್ನು ಸೆಕೆಂಡುಗಳಲ್ಲಿ ಲಗತ್ತಿಸಲಾಯಿತು. ಇನ್ನೂ ಒಂದು ಅಂಶವುಂಟು. ಅದನ್ನು ಗಮನಿಸಿದವರು ಕಡಮೆ. ಪ್ರತಿಯೊಂದು ವಲಯದ ಮೊದಲಲ್ಲಿ ಇರಲೇಬೇಕಾದ ಎಸ್‌ಒಎ ಎಂಬ ದಾಖಲೆಯಲ್ಲಿ, ಆವೃತ್ತಿಯ ಕ್ರಮಾಂಕ, ಅವಧಿಗಳು ಮುಂತಾದುವುಗಳ ಜೊತೆಗೆ, ಆ ವಲಯಕ್ಕೆ ಹೊಣೆಗಾರರಾದ ವ್ಯಕ್ತಿಯ ಇ-ಅಂಚೆಯ ವಿಳಾಸಕ್ಕೆಂದೇ ಒಂದು ಸ್ಥಾನವನ್ನು ಮೀಸಲಿಟ್ಟಿದ್ದಾರೆ. ಅಂದರೆ ಹೆಸರುಗಳ ಪಟ್ಟಿಯೊಂದು ಇರುವಲ್ಲಿ ಅದಕ್ಕೆ ಉತ್ತರ ಹೇಳತಕ್ಕ ಮನುಷ್ಯರೊಬ್ಬರು ಇದ್ದೇ ಇರುತ್ತಾರೆಂದು ಈ ವ್ಯವಸ್ಥೆಯ ಕರ್ತೃಗಳು ಭಾವಿಸಿದ್ದರು. ಇಂದು ವಿಂಡೋಸ್ ಸರ್ವರನ್ನು ಸ್ಥಾಪಿಸಿದಾಗ ಆ ಸ್ಥಾನದಲ್ಲಿ 'ಹೋಸ್ಟ್‌ಮಾಸ್ಟರ್' ಎಂಬ ಸಿದ್ಧಪದವು ತಾನಾಗಿಯೇ ಬಂದು ಕುಳಿತುಕೊಳ್ಳುತ್ತದೆ. ನಮ್ಮ ಕಚೇರಿಗಳಲ್ಲಿ ಅದನ್ನು ತೆಗೆದು ನಿಜವಾದ ಒಬ್ಬರ ವಿಳಾಸವನ್ನು ಬರೆದಿರುವುದನ್ನು ನಾನು ಕಂಡದ್ದು ಅತ್ಯಪೂರ್ವ. ಹೋಸ್ಟ್‌ಮಾಸ್ಟರ್ ಎಂಬ ಹೆಸರಿನ ನೌಕರರಂತೂ ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ.

ಹೊಣೆಗಾರರಿಲ್ಲದ ಈ ಸ್ಥಿತಿಯಿಂದ ತೊಂದರೆ ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯಬೇಕಾದರೆ, ಗಣಕವು ಹೆಸರೊಂದನ್ನು ಶೋಧಿಸುವಾಗ ಎಲ್ಲೆಲ್ಲಿಗೆ ಹೋಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ವಿಂಡೋಸ್ ಯಂತ್ರವು ಮೊದಲು ತನ್ನ ನೆನಪಿನಲ್ಲಿರುವ ಹಳೆಯ ಉತ್ತರಗಳನ್ನೂ, ಮೆನ್ಲೋ ಪಾರ್ಕಿನ ಕಡತದ ಸಾಕ್ಷಾತ್ ವಂಶಜನಾಗಿ ಇಂದಿಗೂ ಅದರ ಡಿಸ್ಕಿನ ಒಂದು ಮೂಲೆಯಲ್ಲಿ ಉಳಿದಿರುವ 'ಹೋಸ್ಟ್ಸ್' ಎಂಬ ಕಡತವನ್ನೂ ನೋಡಿಕೊಳ್ಳುತ್ತದೆ, ಅಲ್ಲಿ ಸಿಕ್ಕದಿದ್ದರೆ ತನಗೆ ನಿಯಮಿಸಲಾದ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಅಲ್ಲಿಯೂ ಸಿಕ್ಕದಿದ್ದರೆ, ಚಿಕ್ಕ ಹೆಸರುಗಳ ಮಟ್ಟಿಗೆ, ತನ್ನ ಅಕ್ಕಪಕ್ಕದ ಯಂತ್ರಗಳಿಗೆಲ್ಲ ಕೇಳುವಂತೆ "ಈ ಹೆಸರಿನವರು ಯಾರಾದರೂ ಇದ್ದೀರಾ?" ಎಂದು ಕೂಗುತ್ತದೆ. ಈ ಕೂಗು ರೂಟರನ್ನು ದಾಟಿ ಆಚೆಗೆ ಹೋಗಲಾರದು. ಆದಕಾರಣವೇ, ಡಿಎನ್‌ಎಸ್‌ನಲ್ಲಿ ಬರೆಯದೆ ಬಿಟ್ಟ ಸರ್ವರೊಂದು ನೆಲಮಹಡಿಯವರಿಗೆ ವರ್ಷಗಟ್ಟಲೆ ಸಿಗುತ್ತಲೇ ಇದ್ದು, ಮೇಲಿನ ಮಹಡಿಗೆ ಪ್ರತ್ಯೇಕ ಜಾಲಭಾಗವನ್ನು ಏರ್ಪಡಿಸಿದ ದಿನವೇ ಅಲ್ಲಿಯವರಿಗೆ ಕಾಣದಾಗುತ್ತದೆ. ಹಳೆಯ ಕ್ರಮದ ನೆಟ್‌ಬಯೋಸ್ ಹೆಸರಿನಲ್ಲಿ 15 ಅಕ್ಷರಗಳಿಗೆ ಮಾತ್ರ ಅವಕಾಶವಿರುವುದೂ ಇಲ್ಲಿ ತನ್ನ ಪಾತ್ರವನ್ನು ವಹಿಸುತ್ತದೆ: 'ಅಕೌಂಟ್‌ಸೆಕ್ಷನ್-01', 'ಅಕೌಂಟ್‌ಸೆಕ್ಷನ್-02' ಎಂದು ಇಂಗ್ಲಿಷ್ ಲಿಪಿಯಲ್ಲಿ ಅಚ್ಚುಕಟ್ಟಾಗಿ ಬರೆದ ಹೆಸರುಗಳು 17 ಅಕ್ಷರಗಳಷ್ಟಾಗುವುದರಿಂದ, ಬಾಲ ಕತ್ತರಿಸಿಹೋಗಿ ಎರಡೂ ಒಂದೇ ಹೆಸರಾಗಿ ಉಳಿಯುತ್ತವೆ, ಹೆಸರಿಟ್ಟವರು ಮಾತ್ರ ತಮ್ಮ ಕ್ರಮಬದ್ಧತೆಗಾಗಿ ಸಂತೋಷಪಡುತ್ತಿರುತ್ತಾರೆ.

ವಿಚಾರಣೆಯ ಕ್ರಮವು ಇದರಿಂದಲೇ ಹೊರಡುತ್ತದೆ. ಮೊಟ್ಟಮೊದಲು ಕೇಳತಕ್ಕ ಪ್ರಶ್ನೆ, ಅಂಕಿಯ ವಿಳಾಸದಿಂದ ಸರ್ವರು ಸಿಗುತ್ತದೆಯೇ ಎಂಬುದು. ಅಂಕಿಯಿಂದ ಫೋಲ್ಡರು ತೆರೆದು ಹೆಸರಿನಿಂದ ತೆರೆಯದಿದ್ದರೆ, ತಂತಿ, ಸ್ವಿಚ್ಚು, ಸರ್ವರುಗಳನ್ನು ಅನುಮಾನಿಸುವ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲವೂ ಹೆಸರಿನ ಸಂಬಂಧವಾದ ಶೋಧ. ಪಿಂಗ್ ಆಜ್ಞೆಗೆ ಉತ್ತರ ಬಾರದಿದ್ದ ಮಾತ್ರಕ್ಕೆ ಯಂತ್ರವು ಸತ್ತಿದೆಯೆಂದು ತೀರ್ಮಾನಿಸಲಾಗದು, ಏಕೆಂದರೆ ವಿಂಡೋಸಿನ ಫೈರ್‌ವಾಲು ಅನೇಕ ವೇಳೆ ಆ ಕರೆಗೆ ಉತ್ತರ ಕೊಡದಂತೆ ತಡೆದಿರುತ್ತದೆ. ಎರಡನೆಯ ಪ್ರಶ್ನೆ, ಈ ಯಂತ್ರವು ಯಾರನ್ನು ಕೇಳುತ್ತಿದೆ ಎಂಬುದು: 'ಐಪಿಕಾನ್ಫಿಗ್' ಆಜ್ಞೆಯ ವಿವರವಾದ ರೂಪವು ಅದಕ್ಕೆ ನಿಯಮಿಸಲಾಗಿರುವ ಡಿಎನ್‌ಎಸ್ ಸರ್ವರುಗಳ ವಿಳಾಸಗಳನ್ನು ತೋರಿಸುತ್ತದೆ, ಕೆಲಸ ಮಾಡುತ್ತಿರುವ ಪಕ್ಕದ ಯಂತ್ರದಲ್ಲಿಯೂ ಅದನ್ನೇ ನೋಡಿ ಎರಡನ್ನೂ ಹೋಲಿಸಿದರೆ ಅರ್ಧದಷ್ಟು ಪ್ರಕರಣಗಳು ಅಲ್ಲಿಯೇ ಬಯಲಾಗುತ್ತವೆಂದು ಹೇಳಲು ನಾನು ಹಿಂಜರಿಯುವುದಿಲ್ಲ. ಮೂರನೆಯದು 'ಎನ್‌ಎಸ್‌ಲುಕಪ್' ಎಂಬ ಆಜ್ಞೆ. ಇದರ ಸ್ವಭಾವವನ್ನು ತಿಳಿಯದೆ ಬಳಸುವವರೇ ಹೆಚ್ಚು. ಇದು ಗಣಕದ ನೆನಪನ್ನಾಗಲಿ ಹೋಸ್ಟ್ಸ್ ಕಡತವನ್ನಾಗಲಿ ಲೆಕ್ಕಿಸದೆ ನೇರವಾಗಿ ಡಿಎನ್‌ಎಸ್ ಸರ್ವರನ್ನೇ ಪ್ರಶ್ನಿಸುತ್ತದೆ. ಆದುದರಿಂದ ಇದು ಸರಿಯಾದ ವಿಳಾಸವನ್ನು ಹೇಳುತ್ತಿದ್ದು ಇತರ ತಂತ್ರಾಂಶಗಳು ತಪ್ಪಾದೆಡೆಗೆ ಹೋಗುತ್ತಿದ್ದರೆ, ದೋಷವು ಆ ಗಣಕದೊಳಗೇ ಇದೆ. ಎಂದೋ ಯಾರೋ ಅವಸರದ ಉಪಾಯವಾಗಿ ಹೋಸ್ಟ್ಸ್ ಕಡತದಲ್ಲಿ ಬರೆದುಹೋದ ಒಂದು ಸಾಲು, ಸರ್ವರಿನ ವಿಳಾಸ ಬದಲಾದ ಮೇಲೆಯೂ, ಡಿಎನ್‌ಎಸ್‌ನ ಸತ್ಯವನ್ನು ಬದಿಗೊತ್ತಿ ಅಲ್ಲಿ ಆಳುತ್ತಿರುತ್ತದೆ. ಹೆಸರಿನ ಉತ್ತರಭಾಗದ ತೊಡಕೂ ಒಂದುಂಟು: ಚಿಕ್ಕ ಹೆಸರನ್ನು ಬರೆದಾಗ ಅದಕ್ಕೆ ಕಚೇರಿಯ ವಲಯದ ಹೆಸರನ್ನು ಗಣಕವು ತಾನೇ ಸೇರಿಸಿಕೊಂಡು ಕೇಳಬೇಕು, ಸೇರಿಸಬೇಕಾದದ್ದು ಯಾವುದೆಂದು ಅದಕ್ಕೆ ತಿಳಿಸದಿದ್ದರೆ ಪೂರ್ಣ ಹೆಸರು ನಡೆಯುತ್ತದೆ, ಚಿಕ್ಕದು ನಡೆಯುವುದಿಲ್ಲ.

ಇಷ್ಟರಲ್ಲಿ ಒಂದು ಭೇದವನ್ನು ವಿಶೇಷವಾಗಿ ಒತ್ತಿ ಹೇಳಬೇಕಾಗಿದೆ. "ಆ ಹೆಸರು ಇಲ್ಲ" ಎಂದು ಡಿಎನ್‌ಎಸ್ ಸರ್ವರು ಹೇಳುವುದು ಬೇರೆ. ಅದು ಏನನ್ನೂ ಹೇಳದೆ ಮೌನವಾಗಿರುವುದು ಬೇರೆ. ನಿಷೇಧವು ಒಂದು ಉತ್ತರ. ಅದು ಬಂದಿತೆಂದರೆ ಸರ್ವರು ಜೀವಂತವಾಗಿದೆ, ದಾರಿ ತೆರೆದಿದೆ, ಪಟ್ಟಿಯಲ್ಲಿ ಮಾತ್ರ ಆ ಹೆಸರಿಲ್ಲ ಅಥವಾ ಕೇಳಬಾರದವರನ್ನು ಕೇಳಲಾಗಿದೆ. ಮೌನವು ಉತ್ತರವಲ್ಲ; ಅದು ಬಂದಾಗ ಪಟ್ಟಿಯನ್ನು ತಿದ್ದಲು ಹೊರಡುವುದು ವ್ಯರ್ಥ; ದಾರಿಯನ್ನೂ, ಡಿಎನ್‌ಎಸ್ ಸಂಚಾರಕ್ಕೆ ಮೀಸಲಾದ 53ನೆಯ ಪೋರ್ಟನ್ನು ಯಾರಾದರೂ ಮುಚ್ಚಿರುವರೇ ಎಂಬುದನ್ನೂ ನೋಡಬೇಕು. ಈ ಎರಡಕ್ಕೂ ಗಣಕದ ಪರದೆಯ ಮೇಲೆ ಕಾಣುವ ಸಂದೇಶಗಳು ಬೇರೆಬೇರೆಯಾಗಿಯೇ ಇರುತ್ತವೆ. ಆದರೆ ಫೋನಿನಲ್ಲಿ ದೂರು ಹೇಳುವವರು "ಏನೋ ಎರರ್ ಬರ್ತಿದೆ" ಎನ್ನುತ್ತಾರೆ, ಕೇಳುವವರು "ಸರಿ" ಎನ್ನುತ್ತಾರೆ. ಆ ಸಂದೇಶದ ಛಾಯಾಚಿತ್ರವೊಂದನ್ನು ತೆಗೆದು ಕಳುಹಿಸುವ ಅಭ್ಯಾಸ ಕಚೇರಿಯಲ್ಲಿ ಬೆಳೆದರೂ ಎಷ್ಟೋ ಕಾಲ ಉಳಿದೀತು.

ಇನ್ನು ನಮ್ಮಲ್ಲಿ ಸಾರ್ವತ್ರಿಕವಾಗಿ ನಡೆಯುತ್ತಿರುವ ಒಂದು ಚಿಕಿತ್ಸೆಯ ವಿಷಯ. ಗೂಗಲ್ ಸಂಸ್ಥೆಯು 2009ರ ಡಿಸೆಂಬರಿನಲ್ಲಿ ಸಾರ್ವಜನಿಕರ ಉಪಯೋಗಕ್ಕಾಗಿ ಡಿಎನ್‌ಎಸ್ ಸೇವೆಯೊಂದನ್ನು ತೆರೆದು, ಅದಕ್ಕೆ 8.8.8.8 ಎಂಬ, ಒಮ್ಮೆ ಕೇಳಿದರೆ ಮರೆಯಲಾಗದ ವಿಳಾಸವನ್ನು ಕೊಟ್ಟಿತು. ಸೇವೆಯು ಉತ್ತಮವಾದದ್ದೇ; ಮನೆಯ ಗಣಕಕ್ಕೆ ಅದನ್ನು ಹಾಕಿಕೊಂಡರೆ ಆಕ್ಷೇಪವಿಲ್ಲ. ಆದರೆ ವಿಳಾಸವು ನಾಲಗೆಯ ತುದಿಯಲ್ಲಿ ನಿಲ್ಲುವಂಥದಾದುದರಿಂದಲೋ ಏನೋ, ಕಚೇರಿಯ ಗಣಕದಲ್ಲಿ ಹೆಸರಿನ ಯಾವ ತೊಂದರೆ ಬಂದರೂ ಎರಡನೆಯ ಡಿಎನ್‌ಎಸ್ ಎಂಬ ಅಂಕಣದಲ್ಲಿ ಅದನ್ನು ಬರೆದು ಹೊರಟುಹೋಗುವುದು ರೂಢಿಯಾಗಿದೆ. ಮೊದಲನೆಯದಕ್ಕೆ ಗೊತ್ತಿಲ್ಲದಿದ್ದರೆ ಎರಡನೆಯದನ್ನು ಕೇಳಲಿ ಎಂಬುದು ಬರೆದವರ ಊಹೆ. ವಸ್ತುಸ್ಥಿತಿ ಹಾಗಿಲ್ಲ. ಮೊದಲನೆಯದು "ಇಲ್ಲ" ಎಂದರೆ ಗಣಕವು ಅದನ್ನೇ ನಂಬಿ ಅಲ್ಲಿಗೆ ನಿಲ್ಲಿಸುತ್ತದೆ. ಮೊದಲನೆಯದು ಮೌನವಾಗಿದ್ದಾಗ ಮಾತ್ರ ಎರಡನೆಯದರ ಬಳಿಗೆ ಹೋಗುತ್ತದೆ, ಹೋದ ಮೇಲೆ ಕೆಲವು ಕಾಲ ಅದನ್ನೇ ಹಿಡಿದುಕೊಂಡಿರುವುದೂ ಉಂಟು. ಹೀಗೆ ಒಂದು ದಿನ ಕಚೇರಿಯ ಸರ್ವರು ಎರಡು ಸೆಕೆಂಡು ತಡಮಾಡಿತೆಂದರೆ, ಗಣಕವು ಕಚೇರಿಯ ಒಳಗಿನ ಲೆಕ್ಕದ ಸರ್ವರು ಎಲ್ಲಿದೆಯೆಂದು ಸಾಗರದಾಚೆಯ ಸಂಸ್ಥೆಯೊಂದನ್ನು ವಿಚಾರಿಸತೊಡಗುತ್ತದೆ, ಅದು ಪ್ರಾಮಾಣಿಕವಾಗಿಯೇ "ಅಂಥ ಹೆಸರು ಜಗತ್ತಿನಲ್ಲಿಲ್ಲ" ಎಂದು ಉತ್ತರಿಸುತ್ತದೆ, ಫೋಲ್ಡರು ಮಾಯವಾಗುತ್ತದೆ. ಮೇಲಾಗಿ, ವಿಂಡೋಸ್ 2000ರ ಕಾಲದಿಂದ ಆ್ಯಕ್ಟಿವ್ ಡೈರೆಕ್ಟರಿ ವ್ಯವಸ್ಥೆಯಲ್ಲಿರುವ ಗಣಕಗಳು ತಮಗೆ ಪ್ರವೇಶ ಕೊಡುವ ಅಧಿಕೃತ ಸರ್ವರು ಎಲ್ಲಿದೆಯೆಂಬುದನ್ನು ಡಿಎನ್‌ಎಸ್ ಮೂಲಕವೇ ತಿಳಿದುಕೊಳ್ಳುವುದರಿಂದ, ಬೆಳಗಿನ ಲಾಗಿನ್ನು ನಿಧಾನವಾಗುವುದು, ಪಾಸ್‌ವರ್ಡು ಬದಲಾಗದಿರುವುದು ಮುಂತಾದ, ಹೆಸರಿಗೆ ಸಂಬಂಧವೇ ಇಲ್ಲವೆಂದು ತೋರುವ ಉಪದ್ರವಗಳೂ ಹಿಂಬಾಲಿಸುತ್ತವೆ. ಕಚೇರಿಯ ಗಣಕಗಳಿಗೆ ಕಚೇರಿಯ ಡಿಎನ್‌ಎಸ್ ಸರ್ವರುಗಳನ್ನು ಮಾತ್ರ ಕೊಟ್ಟು, ಹೊರಗಿನ ಹೆಸರುಗಳನ್ನು ಹೊರಗೆ ವಿಚಾರಿಸುವ ಕೆಲಸವನ್ನು ಆ ಸರ್ವರಿಗೆ ಒಪ್ಪಿಸುವುದೇ ಸರಿಯಾದ ಮಾರ್ಗ. ಎರಡನೆಯ ಆಸರೆ ಬೇಕೆಂದರೆ ಎರಡನೆಯ ಸರ್ವರನ್ನು ಇಡಬೇಕು. ಅದಕ್ಕೆ ಹಣ ಖರ್ಚಾಗುತ್ತದೆ, 8.8.8.8 ಎಂದು ಬರೆಯುವುದಕ್ಕೆ ಆಗುವುದಿಲ್ಲ. ಈ ಚಿಕಿತ್ಸೆಯ ಜನಪ್ರಿಯತೆಯ ರಹಸ್ಯವಿರುವುದು ಇಲ್ಲಿಯೇ.

ಇದೇ ಜಾತಿಗೆ ಸೇರಿದ, ಆದರೆ ಪತ್ತೆಹಚ್ಚುವುದಕ್ಕೆ ಇನ್ನೂ ಕಠಿನವಾದ ಪ್ರಕರಣವೊಂದು ಹೊಸ ಫೈಬರ್ ಸಂಪರ್ಕವನ್ನು ತೆಗೆದುಕೊಂಡ ಕಚೇರಿಗಳಲ್ಲಿ ಮರಳಿ ಮರಳಿ ಕಾಣುತ್ತದೆ. ಸಂಪರ್ಕವನ್ನು ಜೋಡಿಸಲು ಬಂದ ಹುಡುಗ ತನ್ನೊಡನೆ ತಂದ ರೂಟರನ್ನು ಸ್ವಿಚ್ಚಿಗೆ ಸಿಕ್ಕಿಸಿ, ಮೊಬೈಲಿನಲ್ಲಿ ವೇಗವನ್ನು ಅಳೆದು ತೋರಿಸಿ, ಸಹಿ ಮಾಡಿಸಿಕೊಂಡು ಹೋಗುತ್ತಾನೆ. ಆ ರೂಟರಿನಲ್ಲಿ, ಬಂದ ಬಂದ ಗಣಕಗಳಿಗೆಲ್ಲ ವಿಳಾಸವನ್ನು ಹಂಚುವ ಡಿಎಚ್‌ಸಿಪಿ ಎಂಬ ಕಾರ್ಯವು ಕಾರ್ಖಾನೆಯಿಂದಲೇ ಚಾಲನೆಯಲ್ಲಿರುತ್ತದೆ. ಅದು ವಿಳಾಸದ ಜೊತೆಗೆ "ಹೆಸರುಗಳಿಗಾಗಿ ನನ್ನನ್ನೇ ಕೇಳು" ಎಂಬ ಆದೇಶವನ್ನೂ ಕೊಡುತ್ತದೆ. ಕಚೇರಿಯ ಹಳೆಯ ಸರ್ವರಿನಲ್ಲಿಯೂ ಅದೇ ಕಾರ್ಯವು ನಡೆಯುತ್ತಿರುತ್ತದೆ. ಯಾವ ಗಣಕಕ್ಕೆ ಯಾರ ಉತ್ತರವು ಮೊದಲು ತಲಪುತ್ತದೆಯೋ ಅದು ಅವರ ಪ್ರಜೆ. ಹಳೆಯ ಸರ್ವರಿನಿಂದ ವಿಳಾಸ ಪಡೆದಿದ್ದ ಗಣಕಗಳು, ವಿಂಡೋಸ್ ಸರ್ವರಿನ ರೂಢಿಯ ಅವಧಿಯಾದ 8 ದಿನಗಳ ಗೇಣಿಯನ್ನು ಅದರ ಬಳಿಯೇ ನವೀಕರಿಸಿಕೊಳ್ಳುತ್ತ ಸುಖವಾಗಿರುತ್ತವೆ. ಮನೆಗೆ ಹೋಗಿ ಬಂದ ಲ್ಯಾಪ್‌ಟಾಪುಗಳೂ ಹೊಸದಾಗಿ ಕೊಂಡ ಯಂತ್ರಗಳೂ ಒಂದೊಂದಾಗಿ ರೂಟರಿನ ಪಾಲಾಗುತ್ತವೆ. ಹೀಗಾಗಿ ತೊಂದರೆಯು ಎಲ್ಲರಿಗೂ ಬಾರದೆ ಕೆಲವರಿಗೆ, ಎಲ್ಲ ದಿನವೂ ಬಾರದೆ ಕೆಲವು ದಿನ ಬರುತ್ತದೆ. ಸಂಪರ್ಕವನ್ನು ಜೋಡಿಸಿದ ದಿನಕ್ಕೂ ದೂರು ಬಂದ ದಿನಕ್ಕೂ ಅಂತರವಿರುವುದರಿಂದ ಇದರೊಡನೆ ಅದನ್ನು ಯಾರೂ ಕೂಡಿಸಿ ಆಲೋಚಿಸುವುದಿಲ್ಲ. ಯಾವ ದಿನ ಏನನ್ನು ಬದಲಾಯಿಸಲಾಯಿತೆಂದು ಬರೆದಿಡುವ ಪುಸ್ತಕವೊಂದಿದ್ದರೆ ಐದು ನಿಮಿಷದಲ್ಲಿ ತಿಳಿಯಬಹುದಾದ ಸಂಗತಿಯು, ಅದಿಲ್ಲದಿರುವುದರಿಂದ, ಗಣಕಗಳನ್ನು ಫಾರ್ಮ್ಯಾಟ್ ಮಾಡುವಲ್ಲಿಗೆ ಪರ್ಯವಸಾನವಾಗುತ್ತದೆ.

ಹಳೆಯ ದಾಖಲೆಗಳ ವಿಷಯವು ಇನ್ನೊಂದು. ಜಮೀನು ಕೈಬದಲಾಗಿ ದಶಕಗಳು ಕಳೆದರೂ ಖಾತೆ ಬದಲಾಗದೆ ಪಹಣಿಯಲ್ಲಿ ತಾತನ ಹೆಸರೇ ನಡೆದುಬರುತ್ತಿರುವ ಕುಟುಂಬಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ? ಡಿಎನ್‌ಎಸ್‌ನ ಪಟ್ಟಿಯಲ್ಲಿ ನಡೆಯುವುದೂ ಅದೇ. ಕೆಲಸ ಬಿಟ್ಟುಹೋದವರ ಲ್ಯಾಪ್‌ಟಾಪು ಹಿಂದೊಮ್ಮೆ ಹೊಂದಿದ್ದ ವಿಳಾಸವು ಈಗ ಬೇರೊಬ್ಬರ ಯಂತ್ರಕ್ಕೆ ದೊರೆತಿರುತ್ತದೆ. ಪಟ್ಟಿಯಲ್ಲಿ ಮಾತ್ರ ಹಳೆಯ ಹೆಸರೂ ಹೊಸ ಹೆಸರೂ ಒಂದೇ ವಿಳಾಸದ ಎದುರು ನಿಂತಿರುತ್ತವೆ. ದೂರದಿಂದ ಹೆಸರು ಹಿಡಿದು ದುರಸ್ತಿಗೆ ಬಂದವರು ಸಂಬಂಧವಿಲ್ಲದವರ ಯಂತ್ರದೊಳಗೆ ಹೊಕ್ಕು ನಿಲ್ಲುತ್ತಾರೆ. ವಿಂಡೋಸ್ ಡಿಎನ್‌ಎಸ್‌ನಲ್ಲಿ ಹಳಸಿದ ದಾಖಲೆಗಳನ್ನು ತಾನಾಗಿ ಗುಡಿಸಿಹಾಕುವ ಸೌಕರ್ಯವೊಂದಿದೆ. ತಲಾ 7 ದಿನಗಳ ಎರಡು ಅವಧಿಗಳು ಕಳೆದರೂ ನವೀಕರಣಗೊಳ್ಳದ ಹೆಸರನ್ನು ಅದು ತೆಗೆದುಹಾಕಬಲ್ಲುದು. ಆದರೆ ಆರಂಭದಲ್ಲಿ ಅದು ಸ್ಥಗಿತವಾಗಿಯೇ ಇರುತ್ತದೆ. ತಿಳಿದವರು ಅದನ್ನು ಚಾಲನೆಗೆ ತರಬೇಕು. ಅಂಕಿಯಿಂದ ಹೆಸರನ್ನು ಹುಡುಕುವ ವಿಪರ್ಯಸ್ತ ಪಟ್ಟಿಯ ಗತಿಯಂತೂ ಕೇಳುವುದೇ ಬೇಡ. ಸರ್ವರನ್ನು ಹೊಸ ವಿಳಾಸಕ್ಕೆ ವರ್ಗಾಯಿಸುವ ಮುನ್ನ ಅದರ ದಾಖಲೆಯ ಆಯುಃಪ್ರಮಾಣವನ್ನು ತಗ್ಗಿಸಿ, ಹಳೆಯ ಅವಧಿ ಕಳೆಯುವವರೆಗೆ ಕಾದು, ಅನಂತರ ವರ್ಗಾಯಿಸಿದರೆ, ಗಣಕಗಳು ಹಳೆಯ ಉತ್ತರವನ್ನೇ ಹಿಡಿದು ಕೂರುವುದಿಲ್ಲ. ಇದು ಇಪ್ಪತ್ತು ನಿಮಿಷದ ಮುಂದಾಲೋಚನೆ. ಅದನ್ನು ಮಾಡದೆ, ಮರುದಿನ ಪ್ರತಿಯೊಂದು ಮೇಜಿಗೂ ಹೋಗಿ ನೆನಪನ್ನು ಅಳಿಸುವ 'ಫ್ಲಶ್‌ಡಿಎನ್‌ಎಸ್' ಆಜ್ಞೆಯನ್ನು ಹೊಡೆಯುವುದನ್ನು ಸೇವಾತತ್ಪರತೆಯೆಂದು ಭ್ರಮಿಸಲಾಗುತ್ತದೆ.

ಹೆಸರಿಡುವ ವಿಷಯದಲ್ಲಿಯೂ ಎರಡು ಮಾತು. ವಿಂಡೋಸ್ ತಾನಾಗಿ ಇಡುವ ಹೆಸರು 'ಡೆಸ್ಕ್‌ಟಾಪ್' ಎಂಬ ಪದದ ಮುಂದೆ ಏಳು ಅರ್ಥರಹಿತ ಅಕ್ಷರಗಳನ್ನು ಪೋಣಿಸಿದ್ದು. ಬಹಳ ಕಡೆ ಅದನ್ನು ಹಾಗೆಯೇ ಬಿಟ್ಟಿರುತ್ತಾರೆ, ಯಾವುದು ಯಾರ ಯಂತ್ರವೆಂದು ಯಾರಿಗೂ ತಿಳಿಯದು. ವ್ಯಕ್ತಿಯ ಹೆಸರನ್ನಿಟ್ಟರೆ ವ್ಯಕ್ತಿ ವರ್ಗವಾಗಿ ಹೋಗುತ್ತಾರೆ. ಯಂತ್ರಕ್ಕೆ ನಿಮ್ಮ ಹೆಸರನ್ನಾಗಲಿ ಒಂದು ಯೋಜನೆಯ ಹೆಸರನ್ನಾಗಲಿ ಇಡಬೇಡಿರೆಂದು ಡಾನ್ ಲೈಬ್ಸ್ ಅವರು 1990ರಲ್ಲಿಯೇ ಆರ್‌ಎಫ್‌ಸಿ ಮಾಲೆಯ 1178ನೆಯ ಲೇಖ್ಯದಲ್ಲಿ ಹಾಸ್ಯಮಿಶ್ರಿತವಾಗಿ ಉಪದೇಶಿಸಿದ್ದರು. ಕಚೇರಿಯ ವಲಯಕ್ಕೆ '.ಲೋಕಲ್' ಎಂಬ ಕೊನೆಯನ್ನು ಕೊಡುವ ಪದ್ಧತಿ ಒಂದು ಕಾಲದಲ್ಲಿ ಬಹುವಾಗಿ ಹಬ್ಬಿತ್ತು. ಅದೇ ಕೊನೆಯು ನೆರೆಯ ಯಂತ್ರಗಳನ್ನು ಕೂಗಿ ಕರೆಯುವ ಬೇರೊಂದು ವಿಧಾನಕ್ಕೆ 2013ರ ಲೇಖ್ಯವೊಂದರಲ್ಲಿ ವಿಧ್ಯುಕ್ತವಾಗಿ ಮೀಸಲಾದುದರಿಂದ, ಅಂಥ ಕಚೇರಿಗೆ ಆ್ಯಪಲ್ ಗಣಕವೊಂದು ಬಂದ ದಿನ ಪೇಚಾಟ ಆರಂಭವಾಗುತ್ತದೆ. ಆಂತರಿಕ ಉಪಯೋಗಕ್ಕೆಂದು '.ಇಂಟರ್ನಲ್' ಎಂಬುದನ್ನು ಐಕ್ಯಾನ್ ಸಂಸ್ಥೆಯು 2024ರಲ್ಲಿ ಕಾದಿರಿಸಿದೆ. ಹೊಸದಾಗಿ ಆರಂಭಿಸುವವರು ಅದನ್ನೋ, ತಾವು ಹಣ ಕೊಟ್ಟು ಪಡೆದಿರುವ ಡೊಮೇನಿನ ಒಂದು ಉಪಭಾಗವನ್ನೋ ಬಳಸುವುದು ಕ್ಷೇಮ.

ಇಂಥವೆಲ್ಲ ಸಣ್ಣ ಕಚೇರಿಗಳ ಅಜ್ಞಾನದ ಫಲ, ದೊಡ್ಡವರಲ್ಲಿ ಹೀಗಾಗದು ಎಂದು ಯಾರೂ ಭಾವಿಸಬೇಕಾಗಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ಸಮಸ್ತ ಸೇವೆಗಳೂ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಿಂದ ಅದೃಶ್ಯವಾಗಿದ್ದವು. ನಿರ್ವಹಣೆಯ ಸಂದರ್ಭದಲ್ಲಿ ಕೊಟ್ಟ ಆಜ್ಞೆಯೊಂದರಿಂದ ಅದರ ದತ್ತಾಂಶ ಕೇಂದ್ರಗಳನ್ನು ಬೆಸೆಯುವ ಬೆನ್ನೆಲುಬಿನ ಜಾಲವೇ ಕಡಿದುಹೋಯಿತು. ಕೇಂದ್ರಗಳೊಡನೆ ಸಂಪರ್ಕ ತಪ್ಪಿದುದನ್ನು ಕಂಡು ಡಿಎನ್‌ಎಸ್ ಸರ್ವರುಗಳು ತಮ್ಮಲ್ಲಿಗೆ ಬರುವ ದಾರಿಗಳ ಪ್ರಕಟಣೆಯನ್ನು, ತಮಗೆ ವಿಧಿಸಿದ್ದಂತೆಯೇ, ಹಿಂತೆಗೆದುಕೊಂಡವು. ಸರ್ವರುಗಳು ಕೆಲಸ ಮಾಡುತ್ತಲೇ ಇದ್ದರೂ ಅವುಗಳಿರುವೆಡೆಗೆ ದಾರಿಯಿಲ್ಲದಾಯಿತು. ದುರಸ್ತಿಗೆ ಬೇಕಾದ ಆಂತರಿಕ ಸಾಧನಗಳೂ ಅದೇ ಹೆಸರುಗಳನ್ನು ಅವಲಂಬಿಸಿದ್ದುದರಿಂದ ಎಂಜಿನಿಯರುಗಳು ಸ್ವತಃ ಯಂತ್ರಗಳಿದ್ದ ಸ್ಥಳಕ್ಕೆ ಹೋಗಬೇಕಾಯಿತು. 2025ರ ಅಕ್ಟೋಬರ್ 20ರಂದು ಅಮೆಜಾನಿನ ಉತ್ತರ ವರ್ಜೀನಿಯ ಕೇಂದ್ರದಲ್ಲಿ ಆದದ್ದು ಇನ್ನೂ ಸೂಕ್ಷ್ಮವಾದದ್ದು: ಹೆಸರಿನ ದಾಖಲೆಯನ್ನು ಬರೆಯುವ ಸ್ವಯಂಚಾಲಿತ ಕಾರ್ಯಗಳೆರಡು ಒಂದರ ಮೇಲೊಂದು ಬಿದ್ದು, ಪ್ರಮುಖ ದತ್ತಾಂಶ ಸೇವೆಯೊಂದರ ಹೆಸರಿನ ಎದುರಿಗೆ ಒಂದು ವಿಳಾಸವೂ ಇಲ್ಲದೆ ಬರಿದಾಗಿ ಉಳಿಯಿತು, ಮನುಷ್ಯರ ಕೈಯಿಂದಲೇ ಅದನ್ನು ತಿದ್ದಬೇಕಾಯಿತು. ಈ ಎರಡು ಪ್ರಸಂಗಗಳ ವಿಷಯದಲ್ಲಿಯೂ ನಾನು ಗೌರವದಿಂದ ಗಮನಿಸುವುದು ಆಮೇಲೆ ನಡೆದುದನ್ನು: ಏನಾಯಿತು, ಏಕಾಯಿತು, ಯಾವ ರಕ್ಷಣೆಯು ಏಕೆ ವಿಫಲವಾಯಿತು ಎಂಬುದನ್ನು ಆ ಸಂಸ್ಥೆಗಳು ದಿನಗಳೊಳಗೆ ಬರೆದು ಸಾರ್ವಜನಿಕರ ಮುಂದಿಟ್ಟವು. "ಸರ್ವರ್ ಡೌನ್ ಆಗಿತ್ತು, ಸರಿಮಾಡಿದೆವು" ಎಂದು ಅವು ಕೈತೊಳೆದುಕೊಳ್ಳಲಿಲ್ಲ.

ನಮ್ಮ ಕಚೇರಿಗಳ ವಾರ್ಷಿಕ ನಿರ್ವಹಣೆಯ ಕರಾರುಗಳನ್ನು ಓದಿ ನೋಡಿ: ದೂರು ಬಂದ ಎಷ್ಟು ಗಂಟೆಯೊಳಗೆ ಬರಬೇಕು, ಎಷ್ಟು ಗಂಟೆಯೊಳಗೆ ದೂರನ್ನು ಮುಗಿಸಬೇಕು ಎಂಬ ಷರತ್ತುಗಳು ತುಂಬಿರುತ್ತವೆ, ಕಾರಣವನ್ನು ಬರೆದುಕೊಡಬೇಕೆಂಬ ಷರತ್ತು ಇರುವುದು ವಿರಳ. ಹುಡುಗನೊಬ್ಬನಿಗೆ ದಿನಕ್ಕೆ ಹತ್ತು ದೂರುಗಳನ್ನು ಮುಗಿಸುವ ಒತ್ತಡವನ್ನು ಹೇರಿ, ಮುಗಿಸಿದ್ದಕ್ಕೆ ಮಾತ್ರ ಹಣ ಕೊಡುವ ಏರ್ಪಾಟಿನಲ್ಲಿ, ಅವನು ರೀಸ್ಟಾರ್ಟನ್ನೂ 8.8.8.8 ಅನ್ನೂ ಆಶ್ರಯಿಸಿದರೆ ಅವನನ್ನು ದೂಷಿಸುವುದು ಅನ್ಯಾಯ. ದೂಷ್ಯರು ಕರಾರನ್ನು ಬರೆದವರು. ದೂರಿನ ಚೀಟಿಯಲ್ಲಿ 'ಕಾರಣ' ಎಂಬ ಅಂಕಣವೊಂದನ್ನು ಸೇರಿಸಿ, 'ನೆಟ್‌ವರ್ಕ್ ಪ್ರಾಬ್ಲಂ' ಎಂದು ಅಲ್ಲಿ ಬರೆದರೆ ಚೀಟಿಯನ್ನು ಹಿಂದಿರುಗಿಸುವುದೆಂದು ವ್ಯವಸ್ಥಾಪಕರು ನಿರ್ಧರಿಸಬೇಕು. ಕಚೇರಿಯವರೇ ಆದ ಒಬ್ಬರನ್ನು, ಗುತ್ತಿಗೆಯವರನ್ನಲ್ಲ, ಹೆಸರುಗಳ ಪಟ್ಟಿಗೆ ಅಧಿಕೃತವಾಗಿ ನಿಯಮಿಸಿ, ಎಸ್‌ಒಎ ದಾಖಲೆಯ ಆ ಸ್ಥಾನದಲ್ಲಿ ಅವರ ವಿಳಾಸವನ್ನು ಬರೆಯಬೇಕು. ಅವರು ತಂತ್ರಜ್ಞರೇ ಆಗಿರಬೇಕೆಂಬ ನಿಯಮವಿಲ್ಲ. ಅಚ್ಚುಕಟ್ಟಾಗಿ ಆವಕ-ಜಾವಕ ಪುಸ್ತಕವನ್ನಿಟ್ಟಿರುವ ಯಾವ ಗುಮಾಸ್ತರಿಗೂ ಈ ಕೆಲಸ ಕಷ್ಟವಾಗದು. ಹೊಸ ಯಂತ್ರ, ಹೊಸ ಪ್ರಿಂಟರು, ಹೊಸ ರೂಟರು, ಯಾವುದೇ ಆಗಲಿ, ಅವರಿಗೆ ತಿಳಿಸದೆ ಜಾಲಕ್ಕೆ ಸೇರಕೂಡದು.

ಐದಾರು ಗಣಕಗಳೂ ಒಂದು ಪ್ರಿಂಟರೂ ಇರುವ ವಕೀಲರ ಕಚೇರಿಗೋ ಪತ್ತಿನ ಸಹಕಾರ ಸಂಘಕ್ಕೋ ಇಷ್ಟೆಲ್ಲ ಏಕೆಂದು ಕೇಳುವವರಿರಬಹುದು. ಅಂಥಲ್ಲಿ ಪ್ರತ್ಯೇಕ ಡಿಎನ್‌ಎಸ್ ಸರ್ವರು ಬೇಕಾಗಿಲ್ಲ. ಅದನ್ನು ಮಾರಲು ಬಂದವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸಬಹುದು. ಎಲ್ಲರೂ ಬಳಸುವ ಫೋಲ್ಡರು ಯಾವ ಗಣಕದಲ್ಲಿದೆಯೋ ಅದಕ್ಕೂ ಪ್ರಿಂಟರಿಗೂ ರೂಟರಿನಲ್ಲಿಯೇ ವಿಳಾಸವನ್ನು ಕಾಯಂ ಆಗಿ ಕಾದಿರಿಸಿ, ಜಾಲದಲ್ಲಿ ಡಿಎಚ್‌ಸಿಪಿ ನಡೆಸುವ ಪೆಟ್ಟಿಗೆ ಒಂದೇ ಒಂದು ಇರುವಂತೆ ನೋಡಿಕೊಂಡು, ಯಂತ್ರಗಳಿಗೆ 15 ಅಕ್ಷರಗಳನ್ನು ಮೀರದ ಹೆಸರುಗಳನ್ನಿಟ್ಟು, ಹೆಸರು, ವಿಳಾಸ, ಬದಲಾಯಿಸಿದ ತಾರೀಖು ಇಷ್ಟನ್ನು ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಬರೆದಿಟ್ಟರೆ ಸಾಕು. ಪುಸ್ತಕವನ್ನು ರೂಟರಿನ ಪಕ್ಕದಲ್ಲಿಯೇ ಇಡತಕ್ಕದ್ದು. ಹಂಚಿಕೆಯ ಫೋಲ್ಡರಿನಲ್ಲಿ ಎಕ್ಸೆಲ್ ಕಡತವನ್ನಾಗಿ ಇಟ್ಟರೆ, ಬೇಕಾದ ದಿನ ಆ ಫೋಲ್ಡರೇ ತೆರೆಯದಿರುವ ಸಂಭವವುಂಟು.